ಕೊಡೋ ಹಾಡು ನಿನ್ನದೇನೇ?

ಮಾತು ನಡೆದದ್ದು ಹಾಸನದ ಒಂದು ಮನೆಯಲ್ಲಿ, ಭಾನುವಾರ ಊಟವಾದ ಮೇಲೆ. ಮಾವ ಒಂದು ಕಾಲಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದವರು. ಆ ಅಂಗಡಿ ಆಮೇಲೆ ಸಿ.ಡಿ. ಅಂಗಡಿಯಾಗಿ, ಮೊಬೈಲ್ ರೀಚಾರ್ಜ್ ಅಂಗಡಿಯಾಗಿ, ಕೊನೆಗೆ ಬಾಡಿಗೆಗೆ ಹೋಯಿತು. ಸೊಸೆ ಅವರ ಅಕ್ಕನ ಮಗಳು. ಬೆಂಗಳೂರಿನಲ್ಲಿ ಕೆಲಸ, ರಾತ್ರಿ ಹಾಡು. ಮನೆಯಲ್ಲೇ ರೆಕಾರ್ಡ್ ಮಾಡಿದ ನಾಲ್ಕು ಹಾಡು ಅವಳ ಲ್ಯಾಪ್‌ಟಾಪಿನಲ್ಲಿದ್ದವು. ನಾನು ಕೇಳುತ್ತ ಕೂತವನು. ಆವರಣದೊಳಗಿನ ಮಾತಷ್ಟೇ ನನ್ನದು.

ಸೊಸೆ: ಈ ನಾಲ್ಕೂ ಹಾಡನ್ನ ನೆಟ್ಟಿಗೆ ಹಾಕಿಬಿಡ್ತೀನಿ ಮಾವ. ಯಾರು ಬೇಕಾದ್ರೂ ಇಳಿಸ್ಕೊಳ್ಳಲಿ, ಯಾರಿಗೆ ಬೇಕಾದ್ರೂ ಕಳಿಸಲಿ. ಒಂದು ಪೈಸೆ ಬೇಡ ನನಗೆ.

ಮಾವ: ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಅಂತ ನಾಲಿಗೆ ತುದಿವರೆಗೂ ಬಂತು, ಬಿಡು. ಬೇರೆ ಒಂದು ಕೇಳ್ತೀನಿ. ಈ ನಾಲ್ಕರಲ್ಲಿ ನಿನ್ನದು ಯಾವುದು?

ಸೊಸೆ: ಎಲ್ಲಾ ನಾನೇ ಹಾಡಿದ್ದು! ಬೀರು ಬಾಗಿಲು ತೆಗೆದು, ಸೀರೆಗಳ ಮಧ್ಯೆ ಮೈಕ್ ಇಟ್ಟು, ಫ್ಯಾನ್ ಆರಿಸಿ, ಬೆವರು ಸುರಿಸ್ಕೊಂಡು. ಎರಡನೇ ಹಾಡಿನ ಚರಣದಲ್ಲಿ ಪಕ್ಕದ ಮನೆ ಕುಕ್ಕರ್ ಕೂಗಿತ್ತು. ಅದಕ್ಕೋಸ್ಕರ ಇಡೀ ಚರಣ ಮತ್ತೆ ಹಾಡಿದೆ.

ಮಾವ: ಹಾಡಿದ್ದು ನೀನು, ಸರಿ. ಕ್ಯಾಸೆಟ್ ಡಬ್ಬಿಯೊಳಗೆ ಮಡಚಿದ ಕಾಗದ ಒಂದು ಇರ್ತಿತ್ತು, ಇನ್‌ಲೇ ಕಾರ್ಡ್. ಅದರಲ್ಲಿ ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು, ಗಾಯನ ಯಾರದು ಅಂತ ಇರೋದು. ಕೆಳಗೆ ಕಂಪನಿ ಹೆಸರು. ಗಿರಾಕಿಗಳು ಮೇಲಿನ ಫೋಟೋ ನೋಡೋರು, ನಾನು ಒಳಗಿನ ಕಾಗದ ಓದ್ತಿದ್ದೆ. ನಿನ್ನ ಹಾಡಿಗೂ ಅಂಥದ್ದೊಂದು ಬರಿ ನೋಡೋಣ.

ಸೊಸೆ: ಬರೀತೀನಿ. ಮೊದಲನೇದು ಪುರಂದರದಾಸರ ಪದ. ಅವರು ಹೋಗಿ ನಾನೂರೈವತ್ತು ವರ್ಷದ ಮೇಲಾಯ್ತು. ಯಾರನ್ನ ಕೇಳಲಿ?

ಮಾವ: ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಧಾಟಿ?

ಸೊಸೆ: ಅಜ್ಜಿ ಹೇಳಿಕೊಟ್ಟಿದ್ದು.

ಮಾವ: ನಿಮ್ಮಜ್ಜಿ ಅಂದ್ರೆ ನಮ್ಮಮ್ಮ. ಅವಳು ಅರ್ಧ ದೇವರನಾಮ ಕಲಿತದ್ದು ರೇಡಿಯೋದಲ್ಲಿ, ಇನ್ನರ್ಧ ನನ್ನ ಅಂಗಡಿ ಕ್ಯಾಸೆಟ್ಟಲ್ಲಿ. ಪದ ದಾಸರದ್ದು ಅಂದ ಮಾತ್ರಕ್ಕೆ ಮಟ್ಟೂ ಅವರದೇ ಅಂತ ತಿಳೀಬೇಡ. ಈಗ ಕಿವಿಗೆ ಬೀಳೋ ಎಷ್ಟೋ ಮಟ್ಟು ಕಳೆದ ನೂರು ವರ್ಷದಲ್ಲಿ ವಿದ್ವಾಂಸರು, ಸುಗಮ ಸಂಗೀತದವರು ಕೂರಿಸಿದ್ದು.

ಸೊಸೆ: ಇದು ಅಂಥದ್ದಲ್ಲ. ಕೇಳಿ.

(ಹಾಡಿದಳು. ಮಾವ ಕಣ್ಣು ಮುಚ್ಚಿ ಕೇಳಿದರು. ಅವರು ಲೆಕ್ಕ ಹಾಕುತ್ತಿದ್ದರೋ ತಾಯಿಯನ್ನು ನೆನೆಯುತ್ತಿದ್ದರೋ, ಹೇಳಲಾರೆ.)

ಮಾವ: ಹ್ಞೂಂ, ಇದು ರೇಡಿಯೋದ್ದಲ್ಲ. ಎರಡನೇ ಸಾಲಿನ ಕೊನೇಲಿ ಹೀಗೆ ಎಳೆಯೋದು ನಮ್ಮ ಮನೆ ಹೆಂಗಸರು ಮಾತ್ರ. ಇದನ್ನ ಧಾರಾಳವಾಗಿ ಕೊಡು. ಎರಡನೇದು?

ಸೊಸೆ: ಶಿಶುನಾಳ ಶರೀಫರ ತತ್ವಪದ. ಅವರು ತೀರಿಕೊಂಡಿದ್ದು 1889ರಲ್ಲಿ.

ಮಾವ: ಮಟ್ಟು ಅಶ್ವಥ್ ಅವರದು ತಾನೇ?

ಸೊಸೆ: ಬೇರೆ ಮಟ್ಟಲ್ಲಿ ಹಾಡಿದ್ರೆ ಯಾರು ಕೇಳ್ತಾರೆ ಮಾವ? ಶರೀಫರು ಅಂದ್ರೆ ಜನಕ್ಕೆ ಆ ಮಟ್ಟೇ.

ಮಾವ: ಅದೇ ಅವರ ದೊಡ್ಡಸ್ತಿಕೆ. ಮನುಷ್ಯ ಕೂತು ಮಾಡಿದ್ದು ಅನ್ನೋದನ್ನೇ ಮರೆತು, ಮಣ್ಣಲ್ಲೇ ಇತ್ತು ಅಂದ್ಕೊಂಡುಬಿಟ್ಟಿದ್ದೀವಿ. ಸಿ. ಅಶ್ವಥ್ ತೀರಿಕೊಂಡಿದ್ದು 2009ರ ಡಿಸೆಂಬರಿನಲ್ಲಿ. ನಮ್ಮ ಕಾನೂನಲ್ಲಿ ಲೆಕ್ಕ ಹೇಗೆ?

ಸೊಸೆ: ಮಾಡಿದವರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ. ಅಂದ್ರೆ... 2069ರ ಕೊನೆವರೆಗೆ.

ಮಾವ: ಆಗ ನಿನಗೆ ಎಷ್ಟು ವಯಸ್ಸಾಗಿರುತ್ತೆ ಅಂತ ಲೆಕ್ಕ ಹಾಕ್ಬೇಡ. ಹಕ್ಕು ಅವರ ಮನೆಯವರ ಹತ್ತಿರ ಇದೆಯೋ, ಕಂಪನಿಗೆ ಬರೆದುಕೊಟ್ಟಿದ್ದಾರೋ, ಅದು ಬೇರೆ ಮಾತು. ನಿನ್ನ ಹತ್ತಿರವಂತೂ ಇಲ್ಲ.

ಸೊಸೆ: ಮರುಗಾಯನಕ್ಕೆ ಕಾನೂನಿನಲ್ಲೇ ದಾರಿ ಇದೆಯಂತಲ್ಲ, 2012ರ ತಿದ್ದುಪಡಿಯಲ್ಲಿ?

ಮಾವ: ಇದೆ, 31ಸಿ ಅಂತ. ಮೊದಲ ರೆಕಾರ್ಡಿಂಗ್ ಆಗಿ ಐದು ವರ್ಷ ಕಳೆದಿರಬೇಕು. ನೋಟಿಸ್ ಕೊಡಬೇಕು. ಆಮೇಲೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಮುಂಗಡ ಕಟ್ಟಬೇಕು. ಬೀರುವಿನಲ್ಲಿ ತಲೆ ತೂರಿಸ್ಕೊಂಡು ಹಾಡೋರಿಗೆ ಅಂತ ಮಾಡಿದ ದಾರಿ ಅಲ್ಲ ಅದು.

ಸೊಸೆ: ಆದ್ರೂ ಯೂಟ್ಯೂಬಿನಲ್ಲಿ ಸಾವಿರಾರು ಜನ ಹಾಡಿ ಹಾಕಿದ್ದಾರೆ. ಯಾರೂ ಜೈಲಿಗೆ ಹೋಗಿಲ್ಲ.

ಮಾವ: ಹೋಗಲ್ಲ. ಅಲ್ಲಿ ಯಂತ್ರವೇ ಹಾಡನ್ನ ಗುರುತು ಹಿಡಿಯುತ್ತೆ. ಎಷ್ಟೋ ಸಲ ಹಕ್ಕಿನವರು ಜಾಹೀರಾತಿನ ದುಡ್ಡು ತಮಗೆ ತಗೊಂಡು, ಹಾಡು ಇದ್ದರೆ ಇರಲಿ ಅಂತ ಬಿಡ್ತಾರೆ. ಅದು ಅವರ ಸೈರಣೆ. ಆದರೆ ನೀನು ಹೊರಟಿರೋದು ಬರೀ ಹಾಡೋಕಲ್ಲ. ಯಾರು ಬೇಕಾದ್ರೂ ಇಳಿಸ್ಕೊಳ್ಳಿ, ಬಳಸ್ಕೊಳ್ಳಿ ಅಂತ ಹಕ್ಕು ಹಂಚೋಕೆ. ಪಕ್ಕದ ಮನೆಯವರು ಅವರ ಹಿತ್ತಲಲ್ಲಿ ಹೂ ಕೀಳೋಕೆ ಬಿಟ್ಟಿದ್ದಾರೆ ಅಂತ ಹಿತ್ತಲನ್ನೇ ದಾನ ಬರೆದುಕೊಟ್ಟ ಹಾಗಾಯ್ತು.

ಸೊಸೆ: ಮೂರನೇದು ಬೇಂದ್ರೆಯವರ ಕವನ. ಮಟ್ಟು ನನ್ನದೇ, ಪೂರ್ತಿ ನನ್ನದು. ಅದಕ್ಕೂ ಆಕ್ಷೇಪಣೆನಾ?

ಮಾವ: ಈಗ ತಿರುಗುಮುರುಗು. ಮಟ್ಟು ನಿನ್ನದು, ಮಾತು ನಿನ್ನದಲ್ಲ. ಬೇಂದ್ರೆ ಹೋಗಿದ್ದು 1981ರಲ್ಲಿ.

ಸೊಸೆ: 2041. ಅಯ್ಯೋ ಮಾವ, ಹೀಗಾದ್ರೆ ಕುವೆಂಪು 2054, ಕೆ.ಎಸ್.ನ. 2063! ಕನ್ನಡದಲ್ಲಿ ಹಾಡೋಕೆ ಏನು ಉಳೀತು?

ಮಾವ: ಪತ್ರ ಬರೆದು ಕೇಳು. ಕವಿಗಳ ಮನೆಯವರು ಎಷ್ಟೋ ಜನ ಒಪ್ಪಿಯಾರು. ಒಪ್ಪದಿದ್ದರೆ ಅದೂ ಅವರ ಹಕ್ಕು. ಅಷ್ಟರಲ್ಲಿ ಬಾಗಿಲು ತೆರೆದಿರೋ ಕಡೆ ಹೋಗು. ಪಂಜೆ ಮಂಗೇಶರಾಯರು 1937ರಲ್ಲಿ ಹೋದರು, ಬಿ.ಎಂ.ಶ್ರೀ 1946ರಲ್ಲಿ. ಗೋವಿಂದ ಪೈಗಳು 1963ರಲ್ಲಿ, ಅವರದು 2024ರ ಜನವರಿಯಿಂದ ಎಲ್ಲರದೂ ಆಯ್ತು. ವಚನ ಇದೆ, ಮುದ್ದಣ ಇದ್ದಾನೆ, ಲಕ್ಷ್ಮೀಶ ಇದ್ದಾನೆ. ಗೋವಿಂದ ಪೈಗಳ ಕವನಕ್ಕೆ ಮಟ್ಟು ಹಾಕಿದವರನ್ನ ಎಷ್ಟು ಜನ ತೋರಿಸ್ತೀಯ? ಹೊಟ್ಟೆ ತುಂಬುವಷ್ಟು ಬಡಿಸಿಟ್ಟಿದೆ, ನೀನು ಪಕ್ಕದ ಎಲೆಗೆ ಕೈ ಹಾಕ್ತೀಯ.

ಸೊಸೆ: ಈ 60 ಯಾಕೆ? ಮೊದಲು 50 ಇತ್ತು ಅಂತ ಓದಿದ್ದೆ.

ಮಾವ: ಟ್ಯಾಗೋರರಿಂದ. ಅವರು ಹೋಗಿದ್ದು 1941ರಲ್ಲಿ. 1991ಕ್ಕೆ ಐವತ್ತು ಮುಗಿದು ಅವರ ಕೃತಿಗಳ ಹಕ್ಕು ವಿಶ್ವಭಾರತಿಯ ಕೈತಪ್ಪಿಹೋಗುತ್ತೆ ಅಂತಾಯ್ತು. ಸರ್ಕಾರ ಎಲ್ಲರಿಗೂ ಹತ್ತು ವರ್ಷ ಸೇರಿಸಿತು. ಒಬ್ಬರ ದೆಸೆಯಿಂದ ಇಡೀ ದೇಶದ ಬೀಗಕ್ಕೆ ಇನ್ನೊಂದು ಸುತ್ತು. ಟ್ಯಾಗೋರರೇ ಕೇಳಿದ್ದರೆ ಏನನ್ನುತ್ತಿದ್ದರೋ.

(ನನ್ನ ಮಟ್ಟಿಗೆ, ಸತ್ತ ಮೇಲೆ ಅರವತ್ತು ವರ್ಷ ಅತಿಯಾಯಿತು. ಆದರೆ ಕಾನೂನು ಅತಿಯಾಯಿತು ಅನ್ನುವುದು ಬೇರೆ, ಅದು ಇಲ್ಲವೇ ಇಲ್ಲ ಅನ್ನುವಂತೆ ನಡೆದುಕೊಳ್ಳುವುದು ಬೇರೆ.)

ಸೊಸೆ: ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಂಗಡೀಲಿ ಎರಡು ಡೆಕ್ಕಿನ ಟೇಪ್ ರೆಕಾರ್ಡರ್ ಯಾಕಿತ್ತು?

ಮಾವ: (ನಗು) ಹಾಡು ತುಂಬಿಸೋಕೆ! ಚೀಟಿ ಹಿಡ್ಕೊಂಡು ಬರೋರು. ಆ ಸಿನಿಮಾದ್ದೊಂದು, ಈ ಸಿನಿಮಾದ್ದೊಂದು, ಒಂದು ಭಾವಗೀತೆ, ಕೊನೇಲಿ ಒಂದು ಮಂಗಳಾರತಿ ಹಾಡು. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟು, ಒಂದೊಂದು ಕಡೆ ನಲವತ್ತೈದು. ಹಾಡು ಮಧ್ಯದಲ್ಲಿ ಕತ್ತರಿಸಿಹೋಗಬಾರದು ಅಂತ ಸೆಕೆಂಡು ಲೆಕ್ಕ ಹಾಕಿ ಜೋಡಿಸಬೇಕು. ಇನ್ನು ಕೆಲವರು ಕಂಪನಿ ಕ್ಯಾಸೆಟ್ಟನ್ನೇ ತರೋರು. ಅದರ ಮೇಲ್ಗಡೆ ಅಂಚಲ್ಲಿ ಪುಟ್ಟ ಗುಳಿ ಇರೋದು. ಆ ಗುಳಿಗೆ ಟೇಪು ಅಂಟಿಸಿದ್ರೆ ಅದರ ಮೇಲೇ ಬೇರೆ ಹಾಡು ತುಂಬಬಹುದಾಗಿತ್ತು.

ಸೊಸೆ: ಅದು ಪೈರಸಿ ಅಲ್ವಾ ಮಾವ?

ಮಾವ: ಹೌದು. ಇಡೀ ರಸ್ತೆ ಮಾಡ್ತಿತ್ತು. ಆದ್ರೆ ಆ ಚೀಟಿಗಳನ್ನ ನೋಡಿ ನೋಡಿ ನನಗೆ ಒಂದು ಗೊತ್ತಾಯ್ತು. ಬಂದವರೆಲ್ಲ ಜುಗ್ಗರಲ್ಲ. ಅವರಿಗೆ ಬೇಕಾದ್ದನ್ನ ಕಂಪನಿ ಮಾರ್ತಾನೇ ಇರಲಿಲ್ಲ. ಹನ್ನೆರಡು ಸಿನಿಮಾದ ಹನ್ನೆರಡು ಹಾಡು ಒಂದೇ ಕಡೆ ಎಲ್ಲಿ ಸಿಗುತ್ತೆ? ಅಚ್ಚು ನಿಂತುಹೋದ ಹಳೇ ಕ್ಯಾಸೆಟ್ ಎಲ್ಲಿ ಸಿಗುತ್ತೆ? ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಕಂಪನಿಯ ಗುಲ್ಶನ್ ಕುಮಾರ್ ಬೆಲೆ ಇಳಿಸಿ, ಕಿರಾಣಿ ಅಂಗಡಿ ಬೀಡಾ ಅಂಗಡಿಯಲ್ಲೂ ಕ್ಯಾಸೆಟ್ ಸಿಗೋ ಹಾಗೆ ಮಾಡಿದ್ರಲ್ಲ, ಆಗ ಕಳ್ಳ ಕ್ಯಾಸೆಟ್ ಮಾಡೋದ್ರಲ್ಲಿ ಅಷ್ಟು ಲಾಭ ಉಳೀಲಿಲ್ಲ. ಪೊಲೀಸರು ಮಾಡದ ಕೆಲಸ ಬೆಲೆ ಮಾಡ್ತು.

ಸೊಸೆ: ಈಗ ಎಲ್ಲಾ ಹಾಡೂ ಫೋನಲ್ಲೇ ಇದೆ. ಜಾಹೀರಾತು ಸಹಿಸಿಕೊಂಡ್ರೆ ದುಡ್ಡೂ ಬೇಡ. ಪ್ರಸಾರ ಭಾರತಿಯವರು ಹಳೇ ಕಛೇರಿಗಳನ್ನ ಯೂಟ್ಯೂಬಿಗೆ ಹಾಕಿದ್ದಾರೆ. ಆದ್ರೂ ಆಫೀಸಿನ ಗ್ರೂಪಲ್ಲಿ ಹೊಸ ಸಿನಿಮಾ ಹಾಡು ಇಡೀ ಜಿಪ್ ಫೈಲಾಗಿ ಬರುತ್ತೆ.

ಮಾವ: ಅದು ಬರೀ ಚಟ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನೀನು ಸೇರಬೇಡ, ಅಷ್ಟೇ. ಆದ್ರೆ ನಿನ್ನ ಹಾಡಿನ ವಿಷಯದಲ್ಲಿ ನೀನು ಮಾಡಬಹುದಾದ್ದು ಒಂದಿದೆ. ಏನೂ ಬರೆಯದೇ ಸುಮ್ಮನೆ ಹಾಕಿದೆ ಅನ್ನು. ಇಳಿಸಿಕೊಂಡು ತಂಗಿಗೆ ಕಳಿಸಿದವನು ಏನಾದ?

ಸೊಸೆ: ಏನಾದ? ಖುಷಿಪಟ್ಟ.

ಮಾವ: ಕಾನೂನಿನ ಲೆಕ್ಕದಲ್ಲಿ ಕಳ್ಳನಾದ. ಹಾಡು ಹುಟ್ಟಿದ ಕ್ಷಣಕ್ಕೇ ಪೂರ್ತಿ ಹಕ್ಕು ನಿನ್ನದು, ರಿಜಿಸ್ಟರ್ ಮಾಡಿಸಬೇಕಾಗಿಯೂ ಇಲ್ಲ. ನೀನು ಬಾಯಿಬಿಟ್ಟು ಕೊಟ್ಟೆ ಅನ್ನದೇ ಇದ್ರೆ, ತಗೊಂಡವರೆಲ್ಲ ಕೇಳದೇ ತಗೊಂಡವರೇ. ನಿನ್ನ ಔದಾರ್ಯ ನಿನ್ನ ಮನಸ್ಸಲ್ಲೇ ಉಳೀತು.

ಸೊಸೆ: ಅದಕ್ಕೇ ಕ್ರಿಯೇಟಿವ್ ಕಾಮನ್ಸ್ ಅಂತ ಇದೆ. ಅದರ ಲೈಸೆನ್ಸುಗಳು ಬಂದದ್ದು 2002ರಲ್ಲಿ. ಲಾರೆನ್ಸ್ ಲೆಸ್ಸಿಗ್ ಅನ್ನೋ ಕಾನೂನು ಪ್ರಾಧ್ಯಾಪಕರು, ಇನ್ನೂ ಕೆಲವರು ಸೇರಿ ಮಾಡಿದ್ದು. ಒಂದು ಸಾಲು ಹಾಕಿದ್ರೆ ಸಾಕು. ಬರೀ ‘ಬಿವೈ’ ಅಂದ್ರೆ ಹೆಸರು ಹೇಳಿ, ಏನು ಬೇಕಾದ್ರೂ ಮಾಡ್ಕೊಳ್ಳಿ. ‘ಎನ್‌ಸಿ’ ಸೇರಿಸಿದ್ರೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ‘ಎನ್‌ಡಿ’ ಅಂದ್ರೆ ಹಾಡನ್ನ ಬದಲಾಯಿಸೋ ಹಾಗಿಲ್ಲ. ‘ಎಸ್‌ಎ’ ಅಂದ್ರೆ ಬದಲಾಯಿಸಿ, ಆದ್ರೆ ನೀವು ಮಾಡಿದ್ದನ್ನೂ ಇದೇ ಕರಾರಿನ ಮೇಲೆ ಹಂಚಿ.

ಮಾವ: ಹೆಸರು ಹೇಳೋದು ಹೊಸ ಕರಾರೇನಲ್ಲ. ದಾಸರು ಅಂಕಿತ ಹಾಕ್ತಿದ್ದರಲ್ಲ. ಪದ ಯಾರಾದ್ರೂ ಹಾಡ್ಕೊಳ್ಳಲಿ, ಕೊನೇ ಸಾಲಲ್ಲಿ ಪುರಂದರ ವಿಠಲ ಬಂದೇ ಬರುತ್ತೆ. ಕಿತ್ತರೆ ತಾಳ ತಪ್ಪುತ್ತೆ.

ಸೊಸೆ: ಗಾಯಕಿ ಗೌಹರ್ ಜಾನ್ ಮಾಡಿದ್ದೂ ಅದನ್ನೇ. 1902, ಕಲ್ಕತ್ತ. ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಬಂದು ರೆಕಾರ್ಡ್ ಮಾಡ್ಕೊಂಡ. ಪ್ರತಿ ಹಾಡಿನ ಕೊನೇಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳ್ತಾಳೆ. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡು ಅಂತ ತಿಳೀಬೇಕಲ್ಲ, ಅದಕ್ಕೆ. ಬರೀ ಮೂರು ನಿಮಿಷದ ಹಾಡು, ಅದರಲ್ಲೂ ಹೆಸರಿಗೆ ಜಾಗ ಉಳಿಸ್ಕೊಂಡಿದ್ದಾಳೆ.

ಮಾವ: ಅವಳು ಕೊನೆಗಾಲಕ್ಕೆ ನಮ್ಮ ಮೈಸೂರಿಗೆ ಬಂದಳು. ನಾಲ್ವಡಿಯವರು ಆಸ್ಥಾನಕ್ಕೆ ಕರೆಸಿಕೊಂಡಿದ್ದರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು.

ಸೊಸೆ: ಅವಳ ಆ ರೆಕಾರ್ಡುಗಳು ಈಗ ಎಲ್ಲರದೂ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. ಅವಳ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಅಂಥ ಹಳೇ ತಟ್ಟೆಗಳನ್ನ ಹುಡುಕಿ ಡಿಜಿಟಲ್ ಮಾಡಿಸಿ ನೆಟ್ಟಿಗೆ ಹಾಕಿಸಿದ್ದಾರೆ. ಅದನ್ನ ಇಳಿಸ್ಕೊಂಡು, ಆ ಗರಗರ ಸದ್ದಿನ ಸಮೇತ ನನ್ನ ಹಾಡಿನ ನಡುವೆ ಇಟ್ಟುಕೊಂಡ್ರೂ ಯಾರೂ ಕೇಳೋ ಹಾಗಿಲ್ಲ.

ಮಾವ: ಯಾರೂ ಕೇಳದಿದ್ರೂ ಅವಳ ಹೆಸರು ಹೇಳು.

ಸೊಸೆ: ಹೇಳ್ತೀನಿ. ಆದ್ರೆ ಮಾವ, ಬರೆದು ಕೊಟ್ರೆ ಒಂದು ಭಯ. ಒಮ್ಮೆ ಈ ಲೈಸೆನ್ಸಲ್ಲಿ ಕೊಟ್ಟುಬಿಟ್ರೆ ವಾಪಸ್ ತಗೊಳ್ಳೋ ಹಾಗಿಲ್ಲ. ಹಾಕಿದ್ದನ್ನ ನಾನು ಅಳಿಸಬಹುದು, ಆಗಲೇ ಇಳಿಸಿಕೊಂಡವರ ಹಕ್ಕು ಹೋಗಲ್ಲ.

ಮಾವ: ವಾಪಸ್ ಕೇಳೋ ಹಾಗಿದ್ರೆ ಅದು ಕೊಟ್ಟದ್ದಲ್ಲ, ಸಾಲ.

ಸೊಸೆ: ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಅಂತ ಒಂದು ಬ್ಯಾಂಡ್ ಇತ್ತು. ಅವರ ಕಛೇರಿಯನ್ನ ಯಾರು ಬೇಕಾದ್ರೂ ಟೇಪ್ ಮಾಡ್ಕೊಳ್ಳಬಹುದಿತ್ತು. 1984ರಿಂದ ಟೇಪ್ ಮಾಡೋರಿಗೆ ಅಂತ ಬೇರೆ ಟಿಕೆಟ್ಟು, ಬೇರೆ ಜಾಗ. ಹಂಚಬಹುದು, ಮಾರೋ ಹಾಗಿಲ್ಲ. ಆಮೇಲೆ ಆ ಸಾವಿರಾರು ಟೇಪು ಇಂಟರ್‌ನೆಟ್ ಆರ್ಕೈವಿಗೆ ಬಂತು. 2005ರ ನವೆಂಬರಿನಲ್ಲಿ ಇದ್ದಕ್ಕಿದ್ದ ಹಾಗೆ ಡೌನ್‌ಲೋಡ್ ನಿಂತುಹೋಯ್ತು. ಅಭಿಮಾನಿಗಳು ಗಲಾಟೆ ಎಬ್ಬಿಸಿದ್ರು. ಜನ ಕೂತಲ್ಲಿಂದ ಟೇಪ್ ಮಾಡಿದ್ದು ವಾಪಸ್ ಬಂತು. ಬ್ಯಾಂಡಿನ ಮಿಕ್ಸರಿನಿಂದ ನೇರ ತೆಗೆದದ್ದನ್ನ ಅಲ್ಲೇ ಕೇಳಬಹುದು, ಇಳಿಸಿಕೊಳ್ಳೋ ಹಾಗಿಲ್ಲ ಅಂತಾಯ್ತು.

ಮಾವ: ನೋಡಿದೆಯಾ? ಇಪ್ಪತ್ತು ವರ್ಷದ ರೂಢಿ ಒಂದು ದಿನದಲ್ಲಿ ಅಲ್ಲಾಡಿತು. ಬಾಯಿಮಾತಿನ ದಾನಕ್ಕೆ ಇಷ್ಟೇ ಆಯುಷ್ಯ. ನೀನು ಬರೆದೇ ಕೊಡು. ಎಲ್ಲಿ ಹಾಕ್ತೀಯ?

ಸೊಸೆ: ಆರ್ಕೈವಲ್ಲೇ. ದುಡ್ಡು ಕೊಡದೇ ಹಾಕಬಹುದು, ಜಾಹೀರಾತೂ ಇರಲ್ಲ. ಗುಣಮಟ್ಟ ಕಳೆಯದ ಫ್ಲಾಕ್ ಫೈಲು ಹಾಕಿದ್ರೆ ಎಂಪಿ3 ಅದೇ ಮಾಡ್ಕೊಳ್ಳುತ್ತೆ. ಬ್ಯಾಂಡ್‌ಕ್ಯಾಂಪಲ್ಲೂ ಇಡ್ತೀನಿ, ಬೆಲೆ ಸೊನ್ನೆ ಅಂತ. ಅಲ್ಲಿ ಕೊಡೋ ಮನಸ್ಸಿದ್ದವರು ಇಷ್ಟ ಬಂದಷ್ಟು ಕೊಡಬಹುದು. ಅವರು ನೂರಕ್ಕೆ ಹದಿನೈದು ಹಿಡ್ಕೊಳ್ತಾರೆ.

ಮಾವ: ಹದಿನೈದಾ? ಪರವಾಗಿಲ್ಲ. ನಮ್ಮ ಡೀಲರ್ ಕಮಿಷನ್ನಿಗೆ ಹತ್ತಿರ ಹತ್ತಿರ. ಇನ್‌ಲೇ ಕಾರ್ಡ್ ಎಲ್ಲಿ ಇಡ್ತೀಯ?

ಸೊಸೆ: ಫೈಲಿನ ಒಳಗೇ ಟ್ಯಾಗ್ ಬರೀಬಹುದು. ಹಾಡಿನ ಹೆಸರು, ಸಾಹಿತ್ಯ, ಸಂಯೋಜನೆ, ಗಾಯನ, ವರ್ಷ, ಲೈಸೆನ್ಸು, ಎಲ್ಲಾ. ಯಾರ ಫೋನಿಗೆ ಹೋದ್ರೂ ಜೊತೇಲೇ ಹೋಗುತ್ತೆ.

ಮಾವ: ಭೇಷ್. ಇನ್ನು ಈ ಲ್ಯಾಪ್‌ಟಾಪ್. ಇದರಲ್ಲಿ ರೆಕಾರ್ಡ್ ಮಾಡೋ ಸಾಫ್ಟ್‌ವೇರಿಗೆ ಎಷ್ಟು ಕೊಟ್ಟೆ?

(ಸೊಸೆ ಸುಮ್ಮನಾದಳು. ಉತ್ತರ ಮೂವರಿಗೂ ತಿಳಿಯಿತು.)

ಸೊಸೆ: ಫ್ರೆಂಡ್ ಪೆನ್‌ಡ್ರೈವಲ್ಲಿ ಕೊಟ್ಟಿದ್ದು. ಕಲಿಯೋವರೆಗೆ ಇರಲಿ ಅಂತ... ಎಲ್ಲರೂ ಹಾಗೇ ಶುರು ಮಾಡೋದು ಮಾವ. ಅದರ ಬೆಲೆ ನೋಡಿದ್ದೀರಾ?

ಮಾವ: ನೋಡಿಲ್ಲ, ಹೆಚ್ಚೇ ಇರಬಹುದು. ಆದ್ರೆ ಈಗಷ್ಟೇ ನೀನು ನನ್ನ ಎರಡು ಡೆಕ್ಕಿನ ಬಗ್ಗೆ ಕೇಳಿದೆ. ಬೀಗ ಒಡೆದು ಕೊಟ್ಟವನು ಅದರ ಜೊತೆ ಇನ್ನೇನು ತುಂಬಿ ಕೊಟ್ಟಿದ್ದಾನೋ, ಅದೇ ಲ್ಯಾಪ್‌ಟಾಪಲ್ಲಿ ಬ್ಯಾಂಕಿನ ಕೆಲಸವನ್ನೂ ಮಾಡ್ತೀಯ. ಬೇರೆ ಇಲ್ವಾ?

ಸೊಸೆ: ಇದೆ. ಆಡಾಸಿಟಿ ಇದೆ, 2000ದಿಂದ ಇದೆ. ದುಡ್ಡಿಲ್ಲ. ಹಾಡು, ತಂಬೂರಿ, ಒಂದು ತಬಲ, ಇಷ್ಟಕ್ಕೆ ಧಾರಾಳವಾಗಿ ಸಾಕು. ತಾಳವಾದ್ಯ, ಸಿಂಥ್ ಅಂತ ಜೋಡಿಸೋಕೆ ಎಲ್‌ಎಂಎಂಎಸ್ ಇದೆ. ದೊಡ್ಡ ಮಿಕ್ಸಿಂಗಿಗೆ ಆರ್ಡರ್ ಅನ್ನೋ ಸಾಫ್ಟ್‌ವೇರ್ ಇದೆ. ಹಕ್ಕಿ ಸದ್ದು, ಮಳೆ ಸದ್ದು ಬೇಕಾದ್ರೆ ಫ್ರೀಸೌಂಡ್ ಇದೆ. ಬಾರ್ಸಿಲೋನಾದ ವಿಶ್ವವಿದ್ಯಾಲಯ ನಡೆಸೋದು, ಪ್ರತಿ ಸದ್ದಿಗೂ ಕರಾರು ಬರೆದಿರುತ್ತೆ. ನಿಜ ಹೇಳಬೇಕಂದ್ರೆ ಆ ಕಳ್ಳ ಸಾಫ್ಟ್‌ವೇರಲ್ಲಿ ನಾನು ಬಳಸೋದು ನಾಲ್ಕು ಬಟನ್ನು.

ಮಾವ: ಹಾಗಾದ್ರೆ ಆ ನಾಲ್ಕು ಬಟನ್ನನ್ನ ಬೇರೆ ಕಡೆ ಒತ್ತು. ನಾಲ್ಕನೇ ಹಾಡು?

ಸೊಸೆ: ಸಾಹಿತ್ಯ ನನ್ನದು, ಮಟ್ಟು ನನ್ನದು, ಗಾಯನ ನನ್ನದು. ತಂಬೂರಿ ಅಜ್ಜಿಯದು. ಇದಕ್ಕೆ ಬಿವೈ-ಎನ್‌ಸಿ-ಎಸ್‌ಎ. ಹೆಸರು ಹೇಳಬೇಕು, ವ್ಯಾಪಾರ ಬೇಡ, ಬದಲಾಯಿಸಿದ್ರೆ ಅದನ್ನೂ ಹಾಗೇ ಹಂಚಬೇಕು.

ಮಾವ: ಆಗಲೇ ತಬಲ ಅಂದೆಯಲ್ಲ, ಅದು?

ಸೊಸೆ: ಅದು ನನ್ನ ಕಲೀಗ್ ತಮ್ಮ. ಸಂಜೆ ಬಂದು ನುಡಿಸಿಹೋದ. ದುಡ್ಡು ಕೊಟ್ಟಿದ್ದೀನಿ.

ಮಾವ: ದುಡ್ಡು ಕೊಟ್ಟಿದ್ದು ನುಡಿಸಿದ್ದಕ್ಕೆ. ಲೋಕಕ್ಕೆಲ್ಲ ಹಂಚ್ತೀನಿ ಅಂದಿದ್ದೆಯಾ? ವಾದ್ಯ ನುಡಿಸಿದವರಿಗೂ 1994ರ ತಿದ್ದುಪಡಿಯಿಂದ ನಮ್ಮ ಕಾನೂನಲ್ಲಿ ಹಕ್ಕಿದೆ. ಕಾನೂನು ಹಾಳಾಗಿ ಹೋಗಲಿ, ಕೇಳೋದು ಮರ್ಯಾದೆ. ಫೋನ್ ಮಾಡು.

(ಫೋನ್ ಮಾಡಿದಳು. ಮಾತು ನಾವಂದುಕೊಂಡದ್ದಕ್ಕಿಂತ ಉದ್ದವಾಯಿತು.)

ಸೊಸೆ: ಒಪ್ಪಿದ ಮಾವ, ಆದ್ರೆ ವ್ಯಾಪಾರ ಬೇಡ ಅನ್ನೋ ಕರಾರು ಬೇಡವಂತೆ. ಅವನು ಮದುವೆ ಆರ್ಕೆಸ್ಟ್ರಾಗಳಿಗೆ ನುಡಿಸೋನು. ಯಾರಾದ್ರೂ ಅವನ ತಬಲ ತಗೊಂಡು ಜಾಹೀರಾತಿಗೆ ಬಳಸಿದ್ರೂ ಸರಿ, ಹೆಸರು ಬಂದ್ರೆ ನಾಲ್ಕು ಕಡೆ ಕೆಲಸ ಸಿಗುತ್ತೆ ಅಂತಾನೆ. ನನಗೆ ನನ್ನ ಹಾಡು ಸೋಪಿನ ಜಾಹೀರಾತಲ್ಲಿ ಕೇಳೋದು ಬೇಡ.

ಮಾವ: ಇಬ್ಬರ ಮಾತೂ ನ್ಯಾಯವೇ. ತಬಲ ಬೇರೆ ಟ್ರ್ಯಾಕಲ್ಲಿ ಇದೆಯಾ?

ಸೊಸೆ: ಇದೆ.

ಮಾವ: ಹಾಗಾದ್ರೆ ಅದನ್ನ ಬೇರೆ ಫೈಲಾಗಿ ಹಾಕು, ಅವನ ಹೆಸರಲ್ಲಿ, ಅವನ ಕರಾರಿನ ಮೇಲೆ. ಹಾಡಿಗೆ ನಿನ್ನ ಕರಾರು ಇರಲಿ, ಅದಕ್ಕೂ ಅವನ ಒಪ್ಪಿಗೆ ಕೇಳು. ಎರಡನ್ನೂ ಅವನಿಗೆ ಮೆಸೇಜಲ್ಲಿ ಬರೆದು ಕಳಿಸು, ಅವನು ಹ್ಞೂಂ ಅಂತ ಬರೆದು ಉತ್ತರ ಕೊಡಲಿ. ಆಮೇಲೆ ಶರೀಫರ ಪದಕ್ಕೆ ಒಂದು ಹೊಸ ಮಟ್ಟು ಯೋಚನೆ ಮಾಡು. ಬೇಂದ್ರೆಯವರ ಮನೆಗೆ ಪತ್ರ ನಾನು ಬರೀತೀನಿ, ನಿನ್ನ ಕನ್ನಡದಲ್ಲಿ ಒತ್ತಕ್ಷರ ಹಾರಿಹೋಗುತ್ತೆ.